ಜಾತಕ ಕೂಡಿಬರಲಿಲ್ಲ

ಹೆಣ್ಣು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು ಹೋದ ಗಂಡಿನ ಕಡೆಯವರು ಬೇಡ ಅನ್ನುವುದನ್ನು ಬೇಡ ಅಂತ ಹೇಳುವುದಿಲ್ಲ. ‘ಜಾತಕ ಕೂಡಿಬರಲಿಲ್ಲ’ ಅಂತ ಫೋನು ಮಾಡಿಸುತ್ತಾರೆ. ಒಳಗಿನ ಕಾರಣ ವಯಸ್ಸೋ, ವರೋಪಚಾರವೋ, ಮಾವನ ಹೆಸರಿನಲ್ಲಿ ಸೈಟು ಇಲ್ಲದಿರುವುದೋ ಏನಾದರೂ ಇರಲಿ, ಹೊರಗೆ ಹೊಣೆ ಹೊರುವುದು ಮಾತ್ರ ಕುಜ ಮತ್ತು ಶನಿ. ಈ ಸಂಸ್ಕಾರವನ್ನು ಸಾಫ್ಟ್‌ವೇರ್ ಕಂಪನಿಗಳು ನಮ್ಮಿಂದ ಯಾವಾಗ ಕಲಿತವೋ ತಿಳಿಯದು. ಅನುಮಾನವಿದ್ದವರು ಹಳೇ ಕಂಪ್ಯೂಟರಿಗೆ ಹೊಸ ಬ್ರೌಸರ್ ಹಾಕಲು ಕೂತು ನೋಡಿ. ‘ನಿಮ್ಮ ಯಂತ್ರಕ್ಕೆ ವಯಸ್ಸಾಯಿತು, ನಮಗೆ ಬೇಡ’ ಎಂಬ ಒಂದು ವಾಕ್ಯ ಬಿಟ್ಟು ಮಿಕ್ಕಿದ್ದೆಲ್ಲ ಪರದೆಯ ಮೇಲೆ ಬರುತ್ತದೆ.

ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರವಾದರೆ, ಕಷ್ಟಪಟ್ಟು ಇಳಿಸಿಕೊಂಡ ಫೈಲು ‘ಮಾನ್ಯವಾದ ವಿನ್32 ಅಪ್ಲಿಕೇಶನ್ ಅಲ್ಲ’ ಎನ್ನುತ್ತದೆ. ಫೈಲೇ ಕೆಟ್ಟಿದೆ ಅಂದುಕೊಂಡ ಬಡಪಾಯಿ ಅದನ್ನೇ ಮತ್ತೆ ಡೌನ್‌ಲೋಡ್ ಮಾಡುತ್ತಾನೆ. ವಿಂಡೋಸ್ 7 ಆದರೆ ಭಾಷೆ ಇನ್ನೂ ಘನ: ಕರ್ನೆಲ್32.ಡಿಎಲ್‌ಎಲ್ ಎಂಬುದರೊಳಗೆ ಇಂಥದೊಂದು ‘ಪ್ರೊಸೀಜರ್ ಎಂಟ್ರಿ ಪಾಯಿಂಟ್’ ಸಿಗಲಿಲ್ಲವಂತೆ. ಹೊಸ ಬ್ರೌಸರ್ ಕೇಳುತ್ತಿರುವ ಸೌಲಭ್ಯ ವಿಂಡೋಸಿನ ಮುಂದಿನ ಆವೃತ್ತಿಗಳಲ್ಲಿ ಹುಟ್ಟಿದ್ದು, 7ರಲ್ಲಿ ಅದು ಇರಲು ಸಾಧ್ಯವೇ ಇಲ್ಲ ಎಂಬುದು ಇದರ ತಾತ್ಪರ್ಯ. ಇನ್ನು ಕೆಲವು ಇನ್‌ಸ್ಟಾಲರ್‌ಗಳು ಒಂದೆರಡು ಎಂಬಿಯ ಚಿಳ್ಳೆಗಳು. ಅಸಲು ಸರಕನ್ನು ಅವು ಆಮೇಲೆ ನೆಟ್‌ನಿಂದ ತರಿಸಿಕೊಳ್ಳಬೇಕು. ಹಳೇ ವಿಂಡೋಸಿಗೆ ಇಂದಿನ ಗೂಢಲಿಪಿ ಬಾರದ ಕಾರಣ ದಾರಿಯಲ್ಲೇ ಮುಗ್ಗರಿಸಿ, ‘ಇಂಟರ್‌ನೆಟ್ ಸಂಪರ್ಕ ಸಾಧ್ಯವಾಗುತ್ತಿಲ್ಲ, ಫೈರ್‌ವಾಲ್ ಪರೀಕ್ಷಿಸಿ’ ಅನ್ನುತ್ತವೆ. ಅದೇ ತಂತಿಯಲ್ಲಿ ಪಕ್ಕದ ಕಂಪ್ಯೂಟರಿನಲ್ಲಿ ಯಕ್ಷಗಾನದ ವಿಡಿಯೋ ಸರಾಗವಾಗಿ ಓಡುತ್ತಿರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ನಿಜ ಹೇಳಿದ ಸಂದರ್ಭಗಳೂ ಇವೆ. ಫೈರ್‌ಫಾಕ್ಸಿನ ಇನ್‌ಸ್ಟಾಲರ್ ತಕ್ಕಮಟ್ಟಿಗೆ ಮರ್ಯಾದಸ್ಥ, ಯಾವ ವಿಂಡೋಸ್ ಬೇಕು ಎಂದು ಬಾಯಿಬಿಟ್ಟು ಹೇಳುತ್ತದೆ. ಕ್ರೋಮ್ ಕೂಡ ವಿಂಡೋಸ್ 7ರವರಿಗೆ ‘ಇನ್ನು ಮುಂದೆ ಅಪ್‌ಡೇಟ್ ಬೇಕಾದರೆ ವಿಂಡೋಸ್ 10 ಬೇಕು’ ಎಂದು ನೆತ್ತಿಯ ಮೇಲೆ ಪಟ್ಟಿ ಹಾಕಿ ತೋರಿಸಿತ್ತು. ಸತ್ಯ ಬರೆದಿದ್ದ ಅದೊಂದೇ ಪಟ್ಟಿಯನ್ನು ನಾವೆಲ್ಲ ಜಾಹೀರಾತು ಅಂದುಕೊಂಡು ಮೂಲೆಯ ಇಂಟು ಒತ್ತಿ ಮುಚ್ಚಿದೆವು.

ಗಡುವುಗಳು ಗುಟ್ಟಿನವೇನಲ್ಲ. 2001ರಲ್ಲಿ ಬಂದ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಕ್ರೋಮ್ ಇನ್ನೆರಡು ವರ್ಷ ಸಹಿಸಿಕೊಂಡು 49ನೇ ಆವೃತ್ತಿಗೆ ಸಂಬಂಧ ಮುಗಿಸಿತು. ವಿಂಡೋಸ್ 7ರ ಪಾಲಿಗೆ ಕ್ರೋಮ್ 109 ಕೊನೆಯದು. 2023ರ ಫೆಬ್ರುವರಿಯ 110ಕ್ಕೆ ಅದು ಲೆಕ್ಕಕ್ಕಿಲ್ಲ. ಯಂತ್ರದಲ್ಲಿ ಒಂದು ಸ್ಕ್ರೂ ಸಡಿಲಾಗಿರಲಿಲ್ಲ. ಸೋಮವಾರ ಚೆನ್ನಾಗಿದ್ದದ್ದು ಮಂಗಳವಾರ ಮುದುಕನಾಯಿತು, ಅಷ್ಟೆ.

ನಮ್ಮ ತಾಲ್ಲೂಕಿನ ಬಸ್‌ಸ್ಟ್ಯಾಂಡಿನ ಹಿಂದಿರುವ ಡಿಟಿಪಿ ಅಂಗಡಿಯಲ್ಲಿ ಇಂಥದೊಂದು ಮುದುಕ ಇದೆ. ಕೋರ್ 2 ಡ್ಯುಯೊ, ಎರಡು ಜಿಬಿ ರ‍್ಯಾಮ್, ವಿಂಡೋಸ್ 7. ಕೀಬೋರ್ಡಿನ ಮೇಲಿನ ಅಕ್ಷರಗಳು ಸವೆದುಹೋಗಿ ಯಾವ ಕೀಲಿ ಯಾವುದೆಂದು ಮಾಲೀಕರ ಬೆರಳಿಗಷ್ಟೇ ಗೊತ್ತು. 2001ರ ಪೇಜ್‌ಮೇಕರ್ 7, ಅದರೊಳಗೆ ನುಡಿ ಫಾಂಟು. ಊರಿನ ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಗಣೇಶೋತ್ಸವದ ರಸೀದಿ ಪುಸ್ತಕ ಎಲ್ಲವೂ ಅಲ್ಲಿಂದಲೇ ಬರಬೇಕು. ಬರುತ್ತಲೂ ಇವೆ. ಪೇಜ್‌ಮೇಕರ್ ಈವರೆಗೆ ಒಮ್ಮೆಯೂ ‘ನಿಮ್ಮ ಅನುಭವ ಉತ್ತಮಗೊಳಿಸಲು’ ಎಂದು ಶುರುಮಾಡಿ ಯಾರ ಅನ್ನವನ್ನೂ ಕಿತ್ತುಕೊಂಡಿಲ್ಲ.

ತೊಂದರೆ ಬರುವುದು ಸ್ಕಾಲರ್‌ಶಿಪ್ ಅರ್ಜಿಯ ಕಾಲದಲ್ಲಿ. ಆದಾಯ ಪ್ರಮಾಣಪತ್ರ, ಆಧಾರ್ ಜೆರಾಕ್ಸ್ ಹಿಡಿದ ಮಕ್ಕಳು ಬಾಗಿಲಲ್ಲಿ ಸಾಲುಗಟ್ಟಿದಾಗ ಪೋರ್ಟಲ್ ಹೇಳಿತು: ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ನವೀಕರಿಸಿ.’ ಆ ಪುಟದಲ್ಲಿ ತುಂಬಬೇಕಾಗಿದ್ದದ್ದು ಹೆಸರು, ತಂದೆಯ ಹೆಸರು, ಜಾತಿ, ಆದಾಯ. ಇಷ್ಟು ಕೇಳಲು ಈ ವರ್ಷದ ಬ್ರೌಸರೇ ಯಾಕೆ ಬೇಕು ಎಂದು ಕೇಳುವಂತಿಲ್ಲ. ಪೋರ್ಟಲ್ ಮಾಡಿದವರು ಬೆಂಗಳೂರಿನಲ್ಲಿ ಹೊಸ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ, ಅವರಿಗೆ ಎಲ್ಲವೂ ತೆರೆಯುತ್ತಿದೆ.

ಸಿಸ್ಟಮ್ ರಿಪೇರಿ ಹುಡುಗನಿಗೆ ಕರೆ ಹೋಯಿತು. ಬಂದವನು ಮೊದಲು ಸಿಪಿಯು ಮುಚ್ಚಳ ಬಿಚ್ಚಿದ, ಉಫ್ ಎಂದು ಊದಿ ಅಂಗಡಿಗೆಲ್ಲ ಧೂಳು ಹಂಚಿದ. ರ‍್ಯಾಮ್ ಕಿತ್ತು, ಅದರ ಬಂಗಾರದ ಹಲ್ಲುಗಳನ್ನು ಶಾಲಾ ಮಕ್ಕಳ ಬಿಳಿ ರಬ್ಬರಿನಿಂದ ಗಸಗಸ ಉಜ್ಜಿ ಮತ್ತೆ ಕೂರಿಸಿದ. ನಮ್ಮ ಕಡೆ ಕಂಪ್ಯೂಟರಿನ ಯಾವ ಕಾಯಿಲೆಗೂ ಮೊದಲ ಔಷಧಿ ಇದೇ. ಹಲವು ಸಲ ಗುಣವಾಗುವುದೂ ಹೌದು, ಆದರೆ ಕ್ರೋಮ್ 110ಕ್ಕೆ ರಬ್ಬರಿನ ಮೇಲೆ ಭಕ್ತಿಯಿಲ್ಲ.

“ಅಣ್ಣಾ, ಫಾರ್ಮ್ಯಾಟ್ ಹೊಡೆದುಬಿಡ್ತೀನಿ. ಹೊಸ ಸಿಸ್ಟಮ್ ಥರ ಆಗುತ್ತೆ.”

“ನನ್ನ ಪೇಜ್‌ಮೇಕರ್ ಫೈಲು?”

“ಡಿ ಡ್ರೈವಲ್ಲಿದ್ರೆ ಏನೂ ಆಗಲ್ಲ ಬಿಡಣ್ಣ.”

ಮಾರ್ಕರ್ ಪೆನ್ನಿನಲ್ಲಿ ‘ವಿನ್ 7 ಒರಿಜಿನಲ್’ ಎಂದು ಕೈಯಲ್ಲೇ ಬರೆದಿದ್ದ ಡಿವಿಡಿ ಒಳಗೆ ಹೋಯಿತು. ಕಂಪ್ಯೂಟರ್ ನಿಜಕ್ಕೂ ಹೊಸದಾಯಿತು. ಎಷ್ಟು ಹೊಸದೆಂದರೆ 2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಿಡುಗಡೆಯಾದ ದಿನ ಹೇಗಿತ್ತೋ ಹಾಗೆ. ಒದ್ದಾಡಿಕೊಂಡಾದರೂ ನಡೆಯುತ್ತಿದ್ದ ಕ್ರೋಮ್ 109 ಹೋಗಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8 ಬಂದು ಕೂತಿತು. ಹತ್ತು ವರ್ಷಗಳಲ್ಲಿ ಕೂಡಿಬಂದಿದ್ದ ಅಪ್‌ಡೇಟುಗಳೂ ಹೋದವು. ಅವುಗಳಲ್ಲಿ 2019ರದೊಂದು ಮುಖ್ಯ: ಇಂದಿನ ಇನ್‌ಸ್ಟಾಲರ್‌ಗಳ ಮೇಲಿರುವ ಎಸ್‌ಎಚ್‌ಎ-2 ಎಂಬ ಡಿಜಿಟಲ್ ಸಹಿಯನ್ನು ಗುರುತಿಸುವ ವಿದ್ಯೆಯನ್ನು ವಿಂಡೋಸ್ 7ಕ್ಕೆ ಸರಿಯಾಗಿ ಕಲಿಸಿದ್ದು ಅದೇ. ಅದಿಲ್ಲದೆ ಅಸಲಿ ಫೈಲೂ ನಕಲಿಯಂತೆ ಕಾಣುತ್ತದೆ.

ಈಗ ಹೊಸ ಬ್ರೌಸರ್ ಇಳಿಸಬೇಕಲ್ಲ, ಅದಕ್ಕೆ ಬ್ರೌಸರ್ ಬೇಕು. ಇರುವ ಎಕ್ಸ್‌ಪ್ಲೋರರ್ 8ರಲ್ಲಿ ಟಿಎಲ್‌ಎಸ್ 1.2 ಎಂಬ ಸೌಕರ್ಯ ಇದ್ದರೂ ಚಾಲೂ ಆಗಿರುವುದಿಲ್ಲ. ಇಂದಿನ ತಾಣಗಳು ಅದಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಸೆಟ್ಟಿಂಗಿನ ಆಳದಲ್ಲಿ ಟಿಕ್ ಹಾಕಿದರೂ ಪುಟದ ಅರ್ಧ ಬಂದು ಇನ್ನರ್ಧ ಬಿಳಿಚಿಕೊಂಡಿರುತ್ತದೆ. ಹುಚ್ಚು ಬಿಡುವ ತನಕ ಮದುವೆ ಆಗದು, ಮದುವೆ ಆಗುವ ತನಕ ಹುಚ್ಚು ಬಿಡದು ಎಂದು ಗಾದೆ ಕಟ್ಟಿದವರು ಎಕ್ಸ್‌ಪ್ಲೋರರ್ 8 ಕಂಡಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕೌತುಕ. ಯಾವ ತಾಣಕ್ಕೆ ಹೋದರೂ ‘ಭದ್ರತಾ ಪ್ರಮಾಣಪತ್ರದಲ್ಲಿ ಸಮಸ್ಯೆಯಿದೆ’ ಎಂಬ ಎಚ್ಚರಿಕೆ. ಹುಡುಗ ಕೇಬಲ್ ಅಲ್ಲಾಡಿಸಿದ, ಮೋಡೆಮ್ ಆರಿಸಿ ಹೊತ್ತಿಸಿದ. ಅಲ್ಲೇ ನಿಂತು ಆದಾಯ ಪ್ರಮಾಣಪತ್ರದಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಪಿಯುಸಿ ಹುಡುಗಿಯೊಬ್ಬಳು ಪರದೆಯ ಬಲಮೂಲೆ ತೋರಿಸಿ, “ಅಣ್ಣಾ, ಇದರಲ್ಲಿ ಇನ್ನೂ 2009 ಇದೆ” ಅಂದಳು. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ಬಿಲ್ಲೆಯಂಥ ಬ್ಯಾಟರಿ ಇರುತ್ತದೆ. ಕರೆಂಟು ಹೋದಾಗಲೂ ದಿನಾಂಕ ಕಾಯುವುದು ಅದರ ಕೆಲಸ. ಅದು ಸತ್ತಿತ್ತು. ಪ್ರತಿ ತಾಣದ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ 2009ರಲ್ಲೇ ಉಳಿದ ಯಂತ್ರದ ಕಣ್ಣಿಗೆ ಜಗತ್ತಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲ. ಮೂವತ್ತೋ ನಲವತ್ತೋ ರೂಪಾಯಿಯ ಬ್ಯಾಟರಿ. ಬ್ರೌಸರ್ ಹಾಕಲಾಗದೆ ತಲೆ ಚಚ್ಚಿಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನು. ಎಲ್ಲ ಮುಗಿದ ಮೇಲೆ ನೋಡುವುದು ವಾಡಿಕೆ.

ಮುಂದಿನದನ್ನು ಓದುಗರು ಊಹಿಸಬಲ್ಲರು. ‘ಹಳೇ ಕ್ರೋಮ್ ಫ್ರೀ ಡೌನ್‌ಲೋಡ್’ ಎಂದು ಹುಡುಕಿದ್ದಕ್ಕೆ ಹಸಿರು ಬಟನ್ನುಗಳಿಂದ ತುಂಬಿದ ಪುಟವೊಂದು ತೆರೆಯಿತು. ಯಾವ ಬಟನ್ ಅಸಲು ಎಂಬುದು ಅದನ್ನು ಮಾಡಿದವನಿಗೂ ಮರೆತಿರಬೇಕು. ಕೊನೆಗೆ ಕಂಪ್ಯೂಟರಿಗೆ ಟೂಲ್‌ಬಾರ್, ಡ್ರೈವರ್ ಅಪ್‌ಡೇಟರ್, ವೈರಸ್ ಇದೆ ಎಂದು ಹೆದರಿಸುವ ಆಂಟಿವೈರಸ್ ಎಲ್ಲವೂ ಬಂದವು, ಬ್ರೌಸರ್ ಹೊರತು.

ಸರ್ಕಾರಿ ಕಚೇರಿಗಳ ವರಸೆಯೇ ಬೇರೆ. ಅಲ್ಲಿ ಹೊಸ ಬ್ರೌಸರ್ ಇದ್ದದ್ದೇ ತೊಂದರೆಯಾಗಿತ್ತು. ಟೆಂಡರಿಗೆ ಡಿಜಿಟಲ್ ಸಹಿ ಹಾಕುವ ಡಾಂಗಲಿಗೆ ಜಾವಾ ಬೇಕಿತ್ತು, ಜಾವಾಕ್ಕೆ ಎಕ್ಸ್‌ಪ್ಲೋರರ್ ಬೇಕಿತ್ತು. ಕ್ರೋಮ್ ಅಂಥ ಪ್ಲಗಿನ್‌ಗಳನ್ನು 2015ರಲ್ಲೇ ಹೊರಹಾಕಿತ್ತು. ಹಾಗಾಗಿ ಟೇಬಲ್ಲಿನ ಮೇಲೊಂದು ಹೊಸ ಕಂಪ್ಯೂಟರ್, ಕೆಳಗೊಂದು ಹಳೆಯದು. ಎಕ್ಸ್‌ಪ್ಲೋರರ್‌ಗೆ 2022ರ ಜೂನ್ 15ರಂದು ನಿವೃತ್ತಿಯಾಯಿತು. ಆದರೂ ಎಡ್ಜ್ ಬ್ರೌಸರಿನ ಒಳಗೆ ಅದರ ವೇಷವನ್ನು ಕನಿಷ್ಠ 2029ರವರೆಗೆ ಉಳಿಸಿಕೊಳ್ಳುವುದಾಗಿ ಮೈಕ್ರೋಸಾಫ್ಟ್ ಮಾತು ಕೊಟ್ಟಿದೆ. ದೊಡ್ಡ ಗಿರಾಕಿ ಕೇಳಿದರೆ ಮುದುಕರೂ ಸೇವೆಯಲ್ಲಿ ಮುಂದುವರಿಯಬಹುದು. ಡಿಟಿಪಿ ಅಂಗಡಿಯವರು ದೊಡ್ಡ ಗಿರಾಕಿಯಲ್ಲ.

ಹಳೆಯದನ್ನು ಕೈಬಿಡಲು ಕಂಪನಿಗಳು ಕೊಡುವ ಭದ್ರತೆಯ ಕಾರಣ ಸುಳ್ಳಲ್ಲ. ಬಿದ್ದ ತೂತುಗಳನ್ನು ಮುಚ್ಚುವವರಿಲ್ಲದ ಯಂತ್ರದ ಮೇಲೆ ಬ್ರೌಸರ್ ಕೂರಿಸುವುದು ಅಪಾಯವೇ. ಯಾರೂ ಯಾರನ್ನೂ ಕೊನೆತನಕ ಸಾಕಲಾರರು. ಆದರೆ ಅದೇ ಭದ್ರತೆಯ ಹೆಸರಿನಲ್ಲಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಉಚಿತ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು. 2016ರಲ್ಲಿ ಸಾಲ ಮಾಡಿ ಕೊಂಡ, ಇವತ್ತಿಗೂ ಗುಂಡುಕಲ್ಲಿನಂತಿರುವ ಕಂಪ್ಯೂಟರ್ ಹಾಗಾಗಿ ಕಂತು ಮುಗಿಸಿದ್ದೇ ತಪ್ಪು ಎಂಬಂತೆ ಬೆಂಗಳೂರಿನ ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ರಾಶಿಗೆ ಹೊರಟಿದೆ.

ಲಿನಕ್ಸ್ ಇದೆಯಲ್ಲ ಅಂತೀರಿ. ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಅದರಲ್ಲೇ ಪಾಠ ಮಾಡುತ್ತಿವೆ. ಕೋರ್ 2 ಡ್ಯುಯೊ 64 ಬಿಟ್ಟಿನ ಪ್ರೊಸೆಸರ್ರೇ; ರ‍್ಯಾಮ್ ಕಡಿಮೆ ಎಂದು ಅದಕ್ಕೆ 32 ಬಿಟ್ಟಿನ ವಿಂಡೋಸ್ ಹಾಕಿದವನು ನಮ್ಮ ರಬ್ಬರ್ ವೈದ್ಯ. ಹಗುರವಾದ ಲಿನಕ್ಸ್ ಹಾಕಿದರೆ ಈ ವರ್ಷದ ಫೈರ್‌ಫಾಕ್ಸೇ ಅದರಲ್ಲಿ ಕೂರುತ್ತದೆ. ನಿಧಾನವಾಗಿ, ಆದರೆ ಕೂರುತ್ತದೆ. ಅಂಗಡಿಯವರ ಪ್ರಶ್ನೆ ಒಂದೇ: “ಅದರಲ್ಲಿ ಪೇಜ್‌ಮೇಕರ್ ಬರುತ್ತಾ?” ಸರಿಯಾಗಿ ಬರುವುದಿಲ್ಲ. ಅಲ್ಲಿಗೆ ಚರ್ಚೆ ಮುಗಿಯಿತು.

ಹಳೇ ಯಂತ್ರವನ್ನು ಇನ್ನೂ ಸಾಕುತ್ತಿರುವವರಿಗೆ ಹೇಳುವುದಿಷ್ಟು. ಫಾರ್ಮ್ಯಾಟ್ ಹೊಡೆಸುವ ಮುಂಚೆ ಮೂಲೆಯ ದಿನಾಂಕ ನೋಡಿ. ವಿಂಡೋಸ್ 7ರವರಿಗೆಂದು ಫೈರ್‌ಫಾಕ್ಸ್ 115ರ ಇಎಸ್‌ಆರ್ ಎಂಬ ದೀರ್ಘಕಾಲ ಬೆಂಬಲದ ಆವೃತ್ತಿಯನ್ನು ಅದರ ತಯಾರಕರಾದ ಮೊಜಿಲ್ಲಾದವರು ಹೇಳಿದ ಗಡುವು ದಾಟಿಯೂ ಎಳೆದುಕೊಂಡು ಬಂದರು. ತಮ್ಮ ಹಳೆಯ ಆವೃತ್ತಿಗಳನ್ನೆಲ್ಲ ತಮ್ಮದೇ ತಾಣದಲ್ಲಿ ಇಟ್ಟಿದ್ದಾರೆ. ಬೇರೆ ಕಂಪ್ಯೂಟರಿನಿಂದ 115ರ ಪೂರ್ತಿ ಇನ್‌ಸ್ಟಾಲರನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿ, ಹಸಿರು ಬಟನ್ನುಗಳ ತಂಟೆ ಬೇಡ. ಅದರಲ್ಲಿ ರಿಸಲ್ಟು ನೋಡಿ, ಅರ್ಜಿ ತುಂಬಿ. ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಒತ್ತಬೇಡಿ.