ಅಳಿಯಂದಿರ ದಂಡಯಾತ್ರೆ

ನಮ್ಮ ಕಿರಿ ಅಳಿಯಂದಿರ ಹತ್ತಿರ ನಾಲ್ಕು ಸೈನ್ಯಗಳಿವೆ. ಪ್ರಷ್ಯಾದ್ದು, ಫ್ರಾನ್ಸಿನದು, ಈಸ್ಟ್ ಇಂಡಿಯಾ ಕಂಪನಿಯದು, ನಮ್ಮ ಮೈಸೂರಿನದು. ಅಷ್ಟೂ ಜನ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಒಂದು ಮಹಡಿ ಕೋಣೆಯೊಳಗೆ ಬಿಡಾರ ಹೂಡಿದ್ದಾರೆ. ಮಗಳ ಮನೆಗೆಂದು ಹೋದ ನನಗೂ ನಮ್ಮವಳಿಗೂ ಸಿಕ್ಕಿದ್ದು ಅದೇ ಕೋಣೆ. ದೀಪ ಆರಿಸುವ ಹೊತ್ತಿಗೆ ನೋಡಿದರೆ ಗಾಜಿನ ಕಪಾಟಿನೊಳಗಿಂದ ಪ್ರಷ್ಯಾದ ಪದಾತಿದಳ ನಮ್ಮ ಹಾಸಿಗೆಗೇ ಗುರಿಯಿಟ್ಟು ನಿಂತಿದೆ. "ಮೊದಲು ಇವರನ್ನ ಆ ಕಡೆ ತಿರುಗಿಸಿ, ಆಮೇಲೆ ಮಲಗೋಣ" ಎಂದು ನಮ್ಮವಳು ಅಪ್ಪಣೆ ಮಾಡಿದಳು. ತಿರುಗಿಸಿದೆ. ಬೆಳಿಗ್ಗೆ ಅಳಿಯಂದಿರು ಕಾಫಿ ಲೋಟ ಹಿಡಿದು ಬಂದವರೇ ಅದನ್ನು ಗಮನಿಸಿ, "ಮಾವ, ಯಾರೋ ಬೆನ್ನು ತೋರಿಸ್ತಿದ್ದಾರಲ್ಲ?" ಎಂದರು.

ಹುಬ್ಬಳ್ಳಿಯ ಹಿರಿ ಅಳಿಯಂದಿರಿಗೆ ಟೀವಿಯಲ್ಲಿ ಕ್ರಿಕೆಟ್ ನೋಡುವುದೊಂದೇ ಚಟ. ಕರೆಂಟು ಬಿಲ್ಲು ಬಿಟ್ಟರೆ ಬೇರೆ ಖರ್ಚಿಲ್ಲ. ಇವರದು ಹಾಗಲ್ಲ, ವಾರ್‌ಗೇಮ್. ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಥರ್ಮೋಕೋಲಿನ ಗುಡ್ಡ ಇಟ್ಟು, ಇಂಚು ಎತ್ತರದ ಸೈನಿಕರನ್ನು ಸಾಲುಗಟ್ಟಿಸುವುದು. ಪದಾತಿ ಒಂದು ಸರದಿಗೆ ಆರು ಇಂಚು, ಕುದುರೆಯಾದರೆ ಹನ್ನೆರಡು. ಟೇಪು ಹಿಡಿದು ಅಳೆಯಬೇಕು. ಗುಂಡು ತಾಗಿತೋ ಇಲ್ಲವೋ ದಾಳ ಹೇಳುತ್ತದೆ. ಮಕ್ಕಳಾಟ ಎಂದು ನಗಬೇಡಿ. 1824ರ ಹೊತ್ತಿಗೆ ಪ್ರಷ್ಯಾದ ಸೈನ್ಯವೇ ತನ್ನ ಅಧಿಕಾರಿಗಳಿಗೆ ಇಂಥದೊಂದು ಆಟವನ್ನು ಪಾಠವಾಗಿ ಇಟ್ಟಿತ್ತು. 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಬರೆದು ಅದನ್ನು ಮನೆಯ ನೆಲಕ್ಕೆ ಇಳಿಸಿದ. ಅವನ ಆಟದಲ್ಲಿ ಸ್ಪ್ರಿಂಗ್ ಹಾಕಿದ ಆಟಿಕೆ ಫಿರಂಗಿಯಿಂದ ಮರದ ತುಂಡು ಹಾರಿಸಿ ಎದುರಾಳಿಯ ಬೊಂಬೆ ಬೀಳಿಸಬೇಕು. ಲೋಕವೆಲ್ಲ ಓದುವಂಥ ಕಾದಂಬರಿ ಬರೆದವನು ಮಂಡಿಯೂರಿ ಫಿರಂಗಿಗೆ ಕಣ್ಣಿಟ್ಟು ಕೂರುತ್ತಿದ್ದನಂತೆ. ಅವನ ಅತ್ತೆ ಮಾವಂದಿರು ಏನೆಂದುಕೊಂಡರೋ!

ಚದುರಂಗದಲ್ಲಾದರೆ ಮೂವತ್ತೆರಡು ಕಾಯಿ ಕೊಂಡರೆ ಜನ್ಮಕ್ಕಾಯಿತು. ಇಲ್ಲಿ ಕೊಳ್ಳುವುದೇ ಮುಗಿಯುವುದಿಲ್ಲ. ಅದರ ಮೇಲೆ ಇವರಿಗೆ ಕೆಲಸ ಸಿಕ್ಕಿದ್ದು ನಾಟಿಂಗ್‌ಹ್ಯಾಮಿನಲ್ಲೇ! ಈ ಹುಚ್ಚಿನವರು ಆ ಪ್ರಾಂತ್ಯವನ್ನು 'ಲೆಡ್ ಬೆಲ್ಟ್' ಎಂದು ಕರೆಯುತ್ತಾರೆ, ಸೀಸದ ಸೈನಿಕರನ್ನು ಎರಕ ಹೊಯ್ಯುವವರು ಅಲ್ಲಿ ಅಷ್ಟು ಜನ. ವಾರ್‌ಹ್ಯಾಮರ್ ಎಂಬ ಆಟ ಮಾಡುವ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯ ಕೇಂದ್ರ ಕಚೇರಿ ಆ ಊರಲ್ಲೇ ಇದೆ. ಅಲ್ಲಿ ಕೈ ಪಳಗಿಸಿಕೊಂಡವರು ಹೊರಬಂದು ಅಕ್ಕಪಕ್ಕದಲ್ಲೇ ತಮ್ಮ ತಮ್ಮ ಅಂಗಡಿ ಹೂಡಿದ್ದಾರೆ. ಪೆರಿ ಎಂಬ ಅವಳಿ ಅಣ್ಣತಮ್ಮಂದಿರು ಕೆತ್ತಿದ ಸೈನಿಕರೆಂದರೆ ಅಳಿಯಂದಿರು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಾರೆ.

"ಹೊಸದು ಕೊಳ್ಳೋದಿಲ್ಲ ಮಾವ, ಎಲ್ಲ ಸೆಕೆಂಡ್ ಹ್ಯಾಂಡ್" ಎಂದು ನನ್ನನ್ನು ಸಮಾಧಾನ ಮಾಡಿದರು. ಈ ಸಮಾಧಾನದ ಚರಿತ್ರೆಯನ್ನು ಮಗಳು ಬಿಡಿಸಿ ಹೇಳಿದಳು. ಮೊದಲು ಪ್ರಷ್ಯನ್ನರು ಅಗ್ಗಕ್ಕೆ ಸಿಕ್ಕರು. ಅವರು ಹೊಡೆದಾಡಬೇಕಲ್ಲ, 1757ರಲ್ಲಿ ರಾಸ್‌ಬಾಕಿನಲ್ಲಿ ಅವರ ಕೈಲಿ ಸೋತ ಫ್ರೆಂಚರನ್ನು ತರಿಸಿದರು. ಫ್ರೆಂಚರ ಪೊಟ್ಟಣದಲ್ಲಿ ಒಂದಷ್ಟು ಈಸ್ಟ್ ಇಂಡಿಯಾ ಕಂಪನಿಯ ಕೆಂಪು ಕೋಟಿನವರು ಪುಕ್ಕಟೆ ಬಂದರು. ಕೆಂಪು ಕೋಟು ಬಂದ ಮೇಲೆ ಮೈಸೂರಿನವರು ಸುಮ್ಮನಿರಲು ಆಗುತ್ತದೆಯೇ? ಅಗ್ಗದ ಸೈನಿಕ ಒಬ್ಬನೇ ಬರುವುದಿಲ್ಲ, ಬಂದವನೇ ಶತ್ರುವನ್ನು ಕೇಳುತ್ತಾನೆ. ದಸರಾ ಬೊಂಬೆ ಕೂರಿಸಲು ಅವಳು ಮಾಡಿಸಿಟ್ಟ ಮೆಟ್ಟಿಲ ಮೇಲೂ ಈಗ ಫ್ರೆಂಚರೇ. ಪಟ್ಟದ ಬೊಂಬೆಗಳಿಗೆ ಒಂಬತ್ತು ದಿನ ಮಾತ್ರ ತೆರವು ಮಾಡಿಕೊಡುವುದೆಂದು ಗಂಡ ಹೆಂಡಿರಲ್ಲಿ ಒಪ್ಪಂದವಾಗಿದೆ.

ನಾವಿದ್ದ ವಾರ ಅಳಿಯಂದಿರು ಪೊಲ್ಲಿಲೂರು ಕದನದ ಸಿದ್ಧತೆಯಲ್ಲಿದ್ದರು. 1780ರ ಸೆಪ್ಟೆಂಬರ್ 10, ಕಾಂಚೀಪುರದ ಬಳಿ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಹೈದರನೂ ಟಿಪ್ಪುವೂ ನುಚ್ಚುನೂರು ಮಾಡಿದ ದಿನ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯಲ್ಲಿ ಆ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಬೇಲಿ, ಸುತ್ತ ಅವನ ಕೆಂಪು ಕೋಟಿನವರು, ಸಿಡಿಯುತ್ತಿರುವ ಮದ್ದಿನ ಬಂಡಿ. ಬಂದ ನೆಂಟರಿಗೆಲ್ಲ ತೋರಿಸಿ ತೋರಿಸಿ ನನಗೆ ಬಾಯಿಪಾಠ. ಆದ್ದರಿಂದ ಮನೆಯಲ್ಲಿ ನನ್ನ ಬೆಲೆ ಇದ್ದಕ್ಕಿದ್ದಂತೆ ಏರಿತು. ತೊಡಕು ಎಲ್ಲಿ ಅಂದರೆ, ಬೇಲಿಯದು ನಾಲ್ಕು ಸಾವಿರದ ಆಸುಪಾಸಿನ ಪಡೆ. 20 ಜನಕ್ಕೊಂದು ಬೊಂಬೆಯಂತೆ 200 ಸಾಕು. ಗೆದ್ದ ನಮ್ಮವರದು ಅದರ ಎಷ್ಟೋ ಪಟ್ಟು, ಅದರಲ್ಲೂ ಬಹಳ ಮಂದಿ ಕುದುರೆ ಸವಾರರು. ಸವಾರನಿಗೂ ಬಣ್ಣ ಬಳಿಯಬೇಕು, ಕುದುರೆಗೂ ಬಳಿಯಬೇಕು. ಪದಾತಿಗಳ ಅಂಗಿಗೆ ಟಿಪ್ಪುವಿನ ಹುಲಿಪಟ್ಟೆ ಬೇರೆ ಬಿಡಿಸಬೇಕು, ಮೂರು ಕೂದಲ ಕುಂಚದಲ್ಲಿ.

ಸೋಮವಾರ ಸಂಜೆ ಕಂಪನಿ ಪಡೆಗೆ ಕೊನೆಯ ಲೇಪ. ಹೊಳಪಿಲ್ಲದ ವಾರ್ನಿಷ್ಷನ್ನು ಹಿತ್ತಲಲ್ಲಿ ಸ್ಪ್ರೇ ಮಾಡಿದರು. ಇಂಗ್ಲೆಂಡಿನ ಸಂಜೆ, ಗಾಳಿಯೆಲ್ಲ ತೇವ. ತೇವದಲ್ಲಿ ಆ ವಾರ್ನಿಷ್ ಮಂಜುಗಟ್ಟಿ ಬೆಳ್ಳಗಾಗುತ್ತದಂತೆ. ಬೆಳಗಾಗಿ ನೋಡಿದರೆ ಬೇಲಿಯ ಗ್ರೆನೇಡಿಯರುಗಳು ಅಷ್ಟೂ ಜನ ಮೈತುಂಬ ವಿಭೂತಿ ಬಳಿದುಕೊಂಡವರ ಹಾಗೆ ನಿಂತಿದ್ದಾರೆ. ಕಾಂಚೀಪುರಕ್ಕೆ ಹೊರಟವರಲ್ಲವೇ, ನನಗೇನೂ ಅಸಹಜವೆನಿಸಲಿಲ್ಲ. ಅಳಿಯಂದಿರು ಮಾತ್ರ ತಲೆಮೇಲೆ ಕೈಹೊತ್ತು ಕೂತರು. ಆಲಿವ್ ಎಣ್ಣೆ ಸವರಿದರೆ ಬಿಳುಪು ಹೋಗುತ್ತದೆಂದು ಎಲ್ಲೋ ಕೇಳಿದ್ದರಂತೆ. ಒಬ್ಬೊಬ್ಬನಿಗೂ ಅಭ್ಯಂಜನವಾಯಿತು. ಬಿಳುಪು ಹೋದದ್ದು ನಿಜ. ಅಡುಗೆಮನೆಯ ಸೀಸೆ ಅರ್ಧಕ್ಕಿಳಿದದ್ದೂ ನಿಜ.

ಮಂಗಳವಾರ ಪೊಟ್ಟಣ ಬಂತು, ಹರಾಜಿನಲ್ಲಿ ಹಿಡಿದ ಮೈಸೂರು ಪದಾತಿಗಳು. ಮುಕ್ಕಾಲು ಜನರ ಬಂದೂಕು ಬಾಗಿತ್ತು, ಕೆಲವರದು ಇರಲೇ ಇಲ್ಲ. ಹಿಂದಿನ ಯಜಮಾನ ಬಾಗಿಲಿಗೆ ಬಳಿದಂತೆ ದಪ್ಪಗೆ ಬಣ್ಣ ಬಳಿದು ಮುಖವೇ ಮುಚ್ಚಿಹೋಗಿತ್ತು. ಅಷ್ಟೇ ಆಗಿದ್ದರೆ ಸರಿ. ಅವರು ಹಳೆಯ 25 ಮಿ.ಮೀ. ಕಾಲದವರು, ಇವರ ಬಳಿ ಇರುವವರು ಈಗಿನ 28 ಮಿ.ಮೀ. ನವರು. ಪಕ್ಕ ನಿಲ್ಲಿಸಿದರೆ ಭುಜಕ್ಕೂ ಬರಲಿಲ್ಲ. "ಹಿಂದಿನ ಸಾಲಲ್ಲಿ ನಿಲ್ಲಿಸಿದ್ರೆ ದೂರದಲ್ಲಿರೋ ಹಾಗೆ ಕಾಣ್ತಾರೆ, ಬಿಡಿ ಮಾವ" ಎಂದರು. ಬಣ್ಣ ಕೀಳಲು ಆ ದೇಶದ ವಾರ್‌ಗೇಮಿಗರ ಮನೆಮದ್ದು ಯಾವುದು ಗೊತ್ತೇ? ಡೆಟಾಲ್! ಉಪ್ಪಿನಕಾಯಿ ಭರಣಿಯಲ್ಲಿ ಟಿಪ್ಪುವಿನ ಪಡೆ ರಾತ್ರಿಯಿಡೀ ನೆನೆಯಿತು. ಮನೆಯೆಲ್ಲ ದೊಡ್ಡಾಸ್ಪತ್ರೆಯ ವಾಸನೆ. ಮರುದಿನ ಉಜ್ಜಲು ಬ್ರಷ್ ಬೇಕಾಯಿತು. ಯಾರ ಬ್ರಷ್ ಎಂದು ನಾನು ಕೇಳಲಿಲ್ಲ, ನಮ್ಮವಳು ಕೇಳಿದಳು.

ಗುರುವಾರ ಕದನದ ದಿನ. ಹೈದರನಾಗಬೇಕಿದ್ದ ಗೆಳೆಯ ಮಗುವಿಗೆ ಜ್ವರವೆಂದು ಸಂಜೆ ಫೋನು ಮಾಡಿ ತಪ್ಪಿಸಿಕೊಂಡ. ಅಳಿಯಂದಿರು ನನ್ನ ಮುಖ ನೋಡಿದರು. ಶ್ರೀರಂಗಪಟ್ಟಣದ ನೀರು ಕುಡಿದವನು, ಇಲ್ಲವೆನ್ನಲಾಗಲಿಲ್ಲ. ಸವಾರರು ಸಾಲದ್ದಕ್ಕೆ ಪ್ರಷ್ಯಾದ ಹುಸಾರರನ್ನು ನನ್ನ ಕಡೆ ಸೇರಿಸಿಕೊಟ್ಟರು. ಹತ್ತಿಯ ಹೊಗೆ ಅಂಟಿಸಿದ ತಂತಿಯ ರಾಕೆಟ್ಟುಗಳೂ ನನಗೇ ಬಂದವು. ದಾಳ ಮಾತ್ರ ಒಂದು, ಒಂದು, ಎರಡು, ಒಂದು ಎಂದೇ ಬಿತ್ತು. ಮದ್ದಿನ ಬಂಡಿ ಸಿಡಿಯಲಿಲ್ಲ. ಆವತ್ತು ಕಾಂಚೀಪುರದಲ್ಲಿ ಹತ್ತಿರವೇ ಇದ್ದೂ ಕೈಕಟ್ಟಿ ಕೂತಿದ್ದ ಕಂಪನಿಯ ಸೇನಾಪತಿ ಮನ್ರೋ ಈ ಸಲ ಮೇಜಿನ ಅಂಚಿನಿಂದ ನೆಟ್ಟಗೆ ನಡೆದುಬಂದು ಬೇಲಿಯನ್ನು ಬಿಡಿಸಿಕೊಂಡು ಹೋದ. ದರಿಯಾ ದೌಲತ್ತಿನ ಆ ಗೋಡೆಗೆ ಸುಣ್ಣ ಹೊಡೆಸುವುದೊಂದೇ ಬಾಕಿ. ಅಳಿಯಂದಿರು ಬಹಳ ಮರ್ಯಾದೆಯಿಂದ, "ಚೆನ್ನಾಗಿ ಆಡಿದ್ರಿ ಮಾವ, ನಿಮಗೆ ಒಂದು ಆನೆ ಇದ್ದಿದ್ರೆ ಕಥೆಯೇ ಬೇರೆ" ಎಂದರು.

ಭಾನುವಾರ ಪಕ್ಕದೂರಿನ ಶಾಲೆಯೊಂದರ ಹಾಲಿನಲ್ಲಿ ಮೇಳ. ಆನೆಗೆಂದೇ ಹೊರಟೆವು. ಅಂಥ ಮೇಳದಲ್ಲಿ 'ಬ್ರಿಂಗ್ ಅಂಡ್ ಬೈ' ಎಂಬ ಮೇಜಿರುತ್ತದೆ. ಮನೆಯಲ್ಲಿ ಬೇಡವಾದದ್ದನ್ನು ತಂದು, ಚೀಟಿಯಲ್ಲಿ ಬೆಲೆ ಬರೆದು ಕೊಟ್ಟು ಹೋಗುವುದು. ಮೇಳದವರು ಮಾರಿಕೊಟ್ಟು ಸ್ವಲ್ಪ ಕಮಿಷನ್ ಹಿಡಿಯುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಬದನೆಕಾಯಿಗೆ ಚೌಕಾಸಿ ಮಾಡಿದ ನನಗೆ ಅಲ್ಲಿ ಕೈಕಟ್ಟಿ ಹಾಕಿದಂತಾಯಿತು. ಜಗ್ಗಾಡೋಣವೆಂದರೆ ಮಾರುವವನೇ ಎದುರಿಗಿಲ್ಲ! ಚೀಟಿಯ ಜೊತೆ ಹೇಗೆ ಜಗ್ಗಾಡುವುದು? ಅಷ್ಟರಲ್ಲಿ ಒಂದು ಡಬ್ಬ ಕಣ್ಣಿಗೆ ಬಿತ್ತು. ಮೂರು ಆನೆ, 40 ಪೌಂಡು. ಅಳಿಯಂದಿರ ಕೈ ಆಗಲೇ ಜೇಬಿಗೆ ಹೋಗಿತ್ತು. ತಡೆದೆ. ಊಟದ ಹೊತ್ತು ಕಳೆಯಲಿ, ವಾಪಸ್ಸು ಹೊತ್ತುಕೊಂಡು ಹೋಗಲು ಯಾರಿಗೆ ಇಷ್ಟ? ಸ್ಯಾಂಡ್‌ವಿಚ್ ತಿಂದು ಬರುವಷ್ಟರಲ್ಲಿ 40 ಹೊಡೆದುಹಾಕಿ 25 ಎಂದು ಬರೆದಿತ್ತು. ಅಳಿಯಂದಿರು ನನ್ನನ್ನು ನೋಡಿದ ಆ ನೋಟ ಮದುವೆಯ ದಿನವೂ ನನಗೆ ಸಿಕ್ಕಿರಲಿಲ್ಲ.

ಕಾರಿನಲ್ಲಿ ಡಬ್ಬ ತೆಗೆದು ನೋಡಿ, "ಇವು ನಮ್ಮ ಆನೆ ಅಲ್ಲ ಕಣ್ರೀ" ಎಂದೆ. ದಸರಾ ಆನೆ ನೋಡಿ ಬೆಳೆದವನಿಗೆ ಅಷ್ಟೂ ತಿಳಿಯದೇ? ಕಿವಿ ಮೊರದಗಲ. ಆಫ್ರಿಕಾದವು, ಹ್ಯಾನಿಬಲ್‌ನ ಕಾರ್ಥೇಜಿನ ಸೈನ್ಯದವು. "ಚಿಂತೆಯಿಲ್ಲ ಮಾವ, ಕಿವಿ ಕತ್ತರಿಸಿ ಪುಟ್ಟಿ ಹಚ್ಚಿದ್ರಾಯ್ತು" ಎಂದವರು ಡಬ್ಬದ ತಳ ತಡಕಿದರು. ಅಲ್ಲಿ ಕಾರ್ಥೇಜಿನ ಪದಾತಿಗಳೂ ಮಲಗಿದ್ದರು, ಮೂವತ್ತಕ್ಕೆ ಕಡಿಮೆಯಿಲ್ಲ. ಕಾರು ಸ್ವಲ್ಪ ದೂರ ಮೌನವಾಗಿ ಹೋಯಿತು. ಆಮೇಲೆ ನಿಧಾನವಾಗಿ ಕೇಳಿದರು: "ಮಾವ, ರೋಮನ್ನರು ಇಲ್ಲದೆ ಹ್ಯಾನಿಬಲ್ ಒಬ್ಬನೇ ಏನು ಮಾಡ್ತಾನೆ?"

ಬಾಗಿಲಲ್ಲೇ ಮಗಳು ನಿಂತಿದ್ದಳು. "ಎಷ್ಟು ಕೊಟ್ರಿ?"

ಅಳಿಯಂದಿರು ಬೂಟಿನ ದಾರ ಬಿಚ್ಚತೊಡಗಿದರು. "ನಾನು ಕೊಡಿಸಿದ್ದು ಕಣಮ್ಮ, ಅಳಿಯಂದಿರಿಗೆ ದೀಪಾವಳಿ ಉಡುಗೊರೆ" ಎಂದೆ.

"ಇದು ಮೇ ತಿಂಗಳಲ್ವಾ ಅಪ್ಪ?"

ಒಳಗಿಂದ ನಮ್ಮವಳ ದನಿ ಬಂತು: "ಕೊಡಿಸಿ, ಕೊಡಿಸಿ. ಹುಬ್ಬಳ್ಳಿ ಅಳಿಯಂದಿರಿಗೆ ಗೊತ್ತಾದ್ರೆ ಅವರಿಗೂ ಆನೆ ಕೊಡಿಸಬೇಕಾಗತ್ತೆ, ಲೆಕ್ಕ ಇಟ್ಕೊಳ್ಳಿ."