ಎಂಟರಲ್ಲಿ ಒಂದು: ಗ್ಯಾಡ್ಸ್‌ಡನ್ ಮತದಾರರಿಗೆ ಬಹಿರಂಗ ಪತ್ರ

ಫ್ಲಾರಿಡಾದ ಗ್ಯಾಡ್ಸ್‌ಡನ್ ಕೌಂಟಿಯ ಮಾನ್ಯ ಮತದಾರರೇ,

2000ನೇ ಇಸವಿಯ ನವೆಂಬರ್ 7ರಂದು ನೀವು ಓಟು ಹಾಕಿ ಮನೆಗೆ ಹೋದಿರಿ. ನಿಮ್ಮಲ್ಲಿ ಹೆಚ್ಚುಕಡಿಮೆ ಎಂಟು ಜನರಿಗೆ ಒಬ್ಬರಂತೆ ಅಧ್ಯಕ್ಷ ಸ್ಥಾನಕ್ಕೆ ಹಾಕಿದ ಮತ ಅಸಿಂಧುವಾಯಿತು. ಮತಗಟ್ಟೆಯಿಂದ ಹೊರಬೀಳುವಾಗ ಅದು ನಿಮಗೆ ಗೊತ್ತಿರಲಿಲ್ಲ. ಗೊತ್ತಾಗುವ ಏರ್ಪಾಡನ್ನೇ ನಿಮ್ಮ ಕೌಂಟಿಯಲ್ಲಿ ಮಾಡಿರಲಿಲ್ಲ. ಇಷ್ಟು ವರ್ಷ ಕಳೆದರೂ ನನ್ನನ್ನು ಬಿಡದೆ ಕಾಡುತ್ತಿರುವುದು ಈ ಒಂದು ಸಂಗತಿ.

ಆ ಚುನಾವಣೆ ಎಂದರೆ ಜಗತ್ತಿಗೆ ನೆನಪಿರುವುದು 537 ಎಂಬ ಅಂಕಿ. ಫ್ಲಾರಿಡಾದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 60 ಲಕ್ಷ ಮತಗಳಲ್ಲಿ ಜಾರ್ಜ್ ಬುಷ್ ಅವರಿಗೆ 29,12,790, ಅಲ್ ಗೋರ್ ಅವರಿಗೆ 29,12,253. ಅಷ್ಟೇ ಅಂತರದಲ್ಲಿ ರಾಜ್ಯದ 25 ಎಲೆಕ್ಟೋರಲ್ ಮತಗಳೂ (ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವ ಮತಗಳು) ಬುಷ್ ಪಾಲಾಗಿ, ಅವರು ಒಟ್ಟು 271 ಮುಟ್ಟಿ ಅಧ್ಯಕ್ಷರಾದರು. ಇಡೀ ದೇಶದ ಲೆಕ್ಕ ಹಿಡಿದರೆ ಗೋರ್ ಅವರಿಗೇ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿದ್ದವು. ಟಿವಿ ಕ್ಯಾಮೆರಾಗಳೆಲ್ಲ ದಕ್ಷಿಣ ಫ್ಲಾರಿಡಾಕ್ಕೆ ಧಾವಿಸಿದವು. ಪಾಮ್ ಬೀಚಿನ ಗೊಂದಲದ ಮತಪತ್ರ, ಬ್ರೋವರ್ಡಿನಲ್ಲಿ ಭೂತಗನ್ನಡಿ ಹಿಡಿದು ಕಾರ್ಡಿನ ತೂತು ನೋಡುತ್ತಿದ್ದ ನ್ಯಾಯಾಧೀಶರ ಫೋಟೊ, ಇವೇ ಎಲ್ಲರ ಕಣ್ಣಲ್ಲಿ ಉಳಿದವು. ರಾಜ್ಯದ ಉತ್ತರ ತುದಿಯಲ್ಲಿ, ಕಪ್ಪು ಜನರೇ ಬಹುಸಂಖ್ಯಾತರಾಗಿರುವ ಫ್ಲಾರಿಡಾದ ಏಕೈಕ ಕೌಂಟಿಯಲ್ಲಿ, ರಾಜ್ಯದಲ್ಲೇ ಅತಿ ಹೆಚ್ಚಿನ ಪ್ರಮಾಣದಲ್ಲಿ ಮತಗಳು ತಿರಸ್ಕೃತವಾದವು ಎಂಬುದು ಪತ್ರಿಕೆಗಳ ಒಳಪುಟದ ಸುದ್ದಿಯಾಯಿತು.

ನಿಮ್ಮಲ್ಲಿ ತೂತು ಕೊರೆಯುವ ಕಾರ್ಡುಗಳಿರಲಿಲ್ಲ. ಪೆನ್ನಿನಿಂದ ಗುರುತು ಮಾಡುವ ಕಾಗದದ ಮತಪತ್ರ, ಅದನ್ನು ಓದುವ ಸ್ಕ್ಯಾನರ್. ಆ ವರ್ಷ ಫ್ಲಾರಿಡಾದಲ್ಲಿ ಹತ್ತು ಮಂದಿ ಅಧ್ಯಕ್ಷೀಯ ಅಭ್ಯರ್ಥಿಗಳಿದ್ದರು. ನಿಮ್ಮ ಮತಪತ್ರದಲ್ಲಿ ಎಂಟು ಹೆಸರು ಮೊದಲ ಕಾಲಂನಲ್ಲಿ ಮುಗಿದು, ಮಿಕ್ಕ ಎರಡು ಪಕ್ಕದ ಕಾಲಂನ ತಲೆಯಲ್ಲಿ ಬಂದವು. ಅವುಗಳ ಕೆಳಗೆ, ಪಟ್ಟಿಯಲ್ಲಿಲ್ಲದವರ ಹೆಸರು ಬರೆಯಲು ಖಾಲಿ ಗೆರೆ. ಹೊಸ ಕಾಲಂ ಕಂಡರೆ ಇದು ಬೇರೆ ಹುದ್ದೆಯ ಚುನಾವಣೆ ಎಂದುಕೊಳ್ಳುವುದು ಸಹಜ. ಮೊದಲ ಕಾಲಂನಲ್ಲಿ ಒಬ್ಬರಿಗೆ ಗುರುತು ಮಾಡಿದವರು ಎರಡನೆಯದರಲ್ಲೂ ಒಂದು ಗುರುತು ಮಾಡಿದರು. ಇನ್ನು ಕೆಲವರು ಗೋರ್ ಹೆಸರಿಗೆ ಗುರುತು ಹಾಕಿ, ಗಟ್ಟಿಯಾಗಲಿ ಎಂದು ಖಾಲಿ ಗೆರೆಯ ಮೇಲೂ ಅದೇ ಹೆಸರು ಬರೆದರು. ಯಂತ್ರದ ಲೆಕ್ಕದಲ್ಲಿ ಒಂದೇ ಹುದ್ದೆಗೆ ಎರಡು ಮತ, ಅಸಿಂಧು.

ನಿಮ್ಮ ಕೌಂಟಿಯ ಕ್ವಿನ್ಸಿ ಊರಿನಿಂದ ಸುಮಾರು 35 ಕಿಲೋಮೀಟರ್ ಹೋದರೆ ರಾಜಧಾನಿ ಟ್ಯಾಲಹಸಿ, ಲಿಯಾನ್ ಕೌಂಟಿ. ಅಲ್ಲೂ ಕಾಗದದ ಮತಪತ್ರವೇ, ಸ್ಕ್ಯಾನರೇ. ಆದರೆ ಅಲ್ಲಿ ಸ್ಕ್ಯಾನರು ಮತಗಟ್ಟೆಯೊಳಗೇ ಇತ್ತು. ಎರಡು ಗುರುತು ಬಿದ್ದ ಮತಪತ್ರವನ್ನು ಅದು ಒಳಗೆ ತೆಗೆದುಕೊಳ್ಳದೆ ವಾಪಸು ನೂಕುತ್ತಿತ್ತು. ಮತದಾರರು ಹೊಸ ಮತಪತ್ರ ಪಡೆದು ಸರಿಯಾಗಿ ಗುರುತು ಮಾಡಿ ಹಾಕಬಹುದಿತ್ತು. ಲಿಯಾನ್‌ನಲ್ಲಿ ತಿರಸ್ಕೃತವಾದ ಮತ ಶೇಕಡಾ 1ಕ್ಕಿಂತ ಕಡಿಮೆ. ನಿಮ್ಮ ಮತಪತ್ರಗಳನ್ನಾದರೋ ಪೆಟ್ಟಿಗೆಯಲ್ಲಿ ತುಂಬಿ ಕೌಂಟಿ ಕೇಂದ್ರಕ್ಕೆ ಒಯ್ದು ಅಲ್ಲಿ ಎಣಿಸಿದರು. ಅಲ್ಲಿನ ಯಂತ್ರ ತಪ್ಪು ಕಂಡುಹಿಡಿಯುವ ಹೊತ್ತಿಗೆ ಅದನ್ನು ತಿದ್ದಬೇಕಾದ ನೀವು ಹತ್ತಿರದಲ್ಲಿ ಇರಲಿಲ್ಲ. ಲಿಯಾನ್‌ನವರು ನಿಮಗಿಂತ ಜಾಣರೇನಲ್ಲ. ಅವರಿಗೆ ಸಿಕ್ಕಿದ್ದು ಎರಡನೇ ಅವಕಾಶ.

ನಿಮ್ಮದೇ ಕ್ವಿನ್ಸಿಯಲ್ಲಿ ಹುಟ್ಟಿದ ಪ್ಯಾಟ್ರಿಷಿಯಾ ಸ್ಟೀವನ್ಸ್ ಡ್ಯೂ ನೆನಪಾಗುತ್ತಾರೆ. 1960ರಲ್ಲಿ ಟ್ಯಾಲಹಸಿಯ ಬಿಳಿಯರ ಊಟದ ಕೌಂಟರಿನಲ್ಲಿ ಕುಳಿತ ‘ಅಪರಾಧ’ಕ್ಕೆ ದಂಡ ಕಟ್ಟಲು ಒಪ್ಪದೆ 49 ದಿನ ಜೈಲಿನಲ್ಲಿದ್ದ ವಿದ್ಯಾರ್ಥಿನಿ ಅವರು. ಮುಂದೆ ಉತ್ತರ ಫ್ಲಾರಿಡಾದಲ್ಲಿ ಮತದಾರರ ನೋಂದಣಿ ಚಳವಳಿಯನ್ನು ಮುನ್ನಡೆಸಿದರು. ಬಹುಸಂಖ್ಯಾತರಾಗಿದ್ದರೂ ನಿಮ್ಮ ಕೌಂಟಿಯ ಕಪ್ಪು ಜನರಲ್ಲಿ ಆ ದಶಕದ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಬೆರಳೆಣಿಕೆಯಷ್ಟು. ಪಟ್ಟಿಗೆ ಹೆಸರು ಸೇರಿಸಲು ಅಷ್ಟೊಂದು ಬೆಲೆ ತೆತ್ತ ಊರಿನಲ್ಲಿ ಮತ ಪೆಟ್ಟಿಗೆಗೆ ಬಿದ್ದ ಮೇಲೂ ಕಳೆದುಹೋಗುತ್ತದೆ ಎಂದರೆ, ಅದನ್ನು ಯಂತ್ರದ ಸಮಸ್ಯೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. 2001ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗದ ಬಹುಮತದ ವರದಿ ಹೇಳಿದ್ದು, ಫ್ಲಾರಿಡಾದಲ್ಲಿ ಕಪ್ಪು ಮತದಾರರ ಮತ ತಿರಸ್ಕೃತವಾಗುವ ಸಾಧ್ಯತೆ ಉಳಿದವರಿಗಿಂತ ಹತ್ತಿರಹತ್ತಿರ ಹತ್ತು ಪಟ್ಟು ಹೆಚ್ಚಿತ್ತು ಎಂದು.

‘ಸೂಚನೆ ಓದಿ ಓಟು ಹಾಕಬೇಕಿತ್ತು’ ಎಂದವರು ಬಹಳ. ಫ್ಲಾರಿಡಾದ ಮರುಎಣಿಕೆಯ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದಾಗ, ವಿಚಾರಣೆಯಲ್ಲಿ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಅವರೂ, ಮತದಾರರಿಗೆ ಕೊಟ್ಟ ಸೂಚನೆಯನ್ನೇ ಎಣಿಕೆಯ ಅಳತೆಗೋಲು ಮಾಡಬಾರದೇಕೆ ಎಂಬರ್ಥದ ಪ್ರಶ್ನೆ ಕೇಳಿದ್ದರು. ನಿಮ್ಮ ಪೂರ್ವದಲ್ಲಿರುವ ಡುವಾಲ್ ಕೌಂಟಿಯ ಜನ ಸೂಚನೆಯನ್ನು ಪಾಲಿಸಿಯೇ ಕೆಟ್ಟರಲ್ಲ! ಅಧ್ಯಕ್ಷೀಯ ಅಭ್ಯರ್ಥಿಗಳ ಹೆಸರು ಎರಡು ಪುಟಗಳಲ್ಲಿ ಹರಡಿಕೊಂಡಿದ್ದ ಆ ಕೌಂಟಿಯಲ್ಲಿ, ಮುಂಚಿತವಾಗಿ ಹಂಚಿದ ಮಾದರಿ ಮತಪತ್ರ ಪ್ರತಿ ಪುಟದಲ್ಲೂ ಮತ ಹಾಕಿ ಎಂದಿತ್ತು. ಅಲ್ಲಿ ಸುಮಾರು 27,000 ಮತಪತ್ರ ತಿರಸ್ಕೃತವಾದವು.

ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಮರುಎಣಿಕೆ ನಿಲ್ಲಿಸಿತು. ಒಂದೊಂದು ಕೌಂಟಿ ಒಂದೊಂದು ರೀತಿ ಎಣಿಸಿದರೆ ಸಮಾನತೆಗೆ ಭಂಗ ಎಂಬುದು ಕಾರಣ. ಆಧಾರ, ಸಂವಿಧಾನದ 14ನೇ ತಿದ್ದುಪಡಿ. ಗುಲಾಮಗಿರಿಯಿಂದ ಬಿಡುಗಡೆಯಾದ ನಿಮ್ಮ ಹಿರಿಯರಿಗೆ ಸಮಾನ ರಕ್ಷಣೆ ಕೊಡಲೆಂದು 1868ರಲ್ಲಿ ಬಂದ ತಿದ್ದುಪಡಿ ಅದು. ಎಣಿಸುವ ಕೈಗಳ ನಡುವಿನ ವ್ಯತ್ಯಾಸ ನ್ಯಾಯಾಲಯಕ್ಕೆ ಅಸಮಾನತೆಯಾಗಿ ಕಂಡಿತು. ಗ್ಯಾಡ್ಸ್‌ಡನ್ ಮತ್ತು ಲಿಯಾನ್ ಯಂತ್ರಗಳ ನಡುವಿನ ವ್ಯತ್ಯಾಸಕ್ಕೆ ಪರಿಹಾರ ಸಿಗಲಿಲ್ಲ. ತೀರ್ಪು ಈ ಪ್ರಕರಣಕ್ಕೆ ಮಾತ್ರ ಸೀಮಿತ ಎಂದು ಬಾಗಿಲನ್ನೂ ಹಾಕಿಕೊಂಡರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಪುಟ ಇದು.

2001ರ ಜನವರಿ 6ರಂದು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಅಲ್ಸೀ ಹೇಸ್ಟಿಂಗ್ಸ್, ಕಾರಿನ್ ಬ್ರೌನ್, ಮ್ಯಾಕ್ಸೀನ್ ವಾಟರ್ಸ್ ಮುಂತಾದ ಪ್ರತಿನಿಧಿಗಳು ಒಬ್ಬರಾದ ಮೇಲೆ ಒಬ್ಬರು ಎದ್ದು ಫ್ಲಾರಿಡಾದ ಮತಗಳಿಗೆ ಆಕ್ಷೇಪ ಎತ್ತಿದರು. ಆಕ್ಷೇಪ ಪರಿಗಣನೆಗೆ ಬರಲು ಒಬ್ಬ ಸೆನೆಟರ್ ಸಹಿಯೂ ಬೇಕಿತ್ತು. ನೂರು ಸೆನೆಟರುಗಳಲ್ಲಿ ಒಬ್ಬರೂ ಹಾಕಲಿಲ್ಲ. ಆಗ ಸೆನೆಟಿನಲ್ಲಿ ಒಬ್ಬ ಕಪ್ಪು ಸದಸ್ಯರೂ ಇರಲಿಲ್ಲ. ಪೀಠದಲ್ಲಿ ಕುಳಿತು ಆ ಆಕ್ಷೇಪಗಳನ್ನೆಲ್ಲ ನಿಯಮದ ಪ್ರಕಾರ ತಳ್ಳಿಹಾಕಿದವರು ಉಪಾಧ್ಯಕ್ಷ ಗೋರ್. ನೀವು ಬಹುಮತದಿಂದ ಆರಿಸಿದ ಅಭ್ಯರ್ಥಿ.

ಆಮೇಲೆ ಸುಧಾರಣೆಗಳು ಬಂದವು, ನಿಜ. 2001ರ ಕಾನೂನಿನಿಂದ ಫ್ಲಾರಿಡಾದಲ್ಲಿ ತೂತಿನ ಕಾರ್ಡುಗಳು ಹೋದವು. 2002ರಲ್ಲಿ ದೇಶವೇ ಕಾನೂನು ಮಾಡಿ, ಒಂದೇ ಹುದ್ದೆಗೆ ಎರಡು ಗುರುತು ಬಿದ್ದರೆ ಮತದಾರರಿಗೆ ಯಂತ್ರ ತಿಳಿಸಬೇಕು ಎಂದಿತು. ಅಂಚೆಯಲ್ಲಿ ಬರುವ, ಕೇಂದ್ರದಲ್ಲಿ ಎಣಿಸುವ ಕಾಗದದ ಮತಗಳಿಗೆ ಮಾತ್ರ ಮೊದಲೇ ತಿಳಿವಳಿಕೆ ಕೊಟ್ಟರೆ ಸಾಕು ಎಂಬ ವಿನಾಯಿತಿಯನ್ನೂ ಇಟ್ಟಿತು. ಆ ವಿನಾಯಿತಿಯೇ ನನಗೆ ಸಮಾಧಾನ ಕೊಡದಿರುವುದು.

ಸುದ್ದಿಸಂಸ್ಥೆಗಳ ಒಕ್ಕೂಟವೊಂದು ಎಣಿಕೆಗೆ ಸಿಗದ ಸುಮಾರು 1,75,000 ಮತಪತ್ರಗಳ ಪರೀಕ್ಷೆ ಮಾಡಿಸಿತು. ಗೋರ್ ಪಕ್ಷ ಕೇಳಿದ್ದ ನಾಲ್ಕು ಕೌಂಟಿಗಳ ಮರುಎಣಿಕೆ ನಡೆದಿದ್ದರೂ ಬುಷ್ ಅವರೇ ಗೆಲ್ಲುತ್ತಿದ್ದರು. ನಿಮ್ಮಂತಹವರ ಎರಡು ಗುರುತಿನ ಮತಪತ್ರಗಳನ್ನೂ ಸೇರಿಸಿ ಇಡೀ ರಾಜ್ಯದ ಮತ ಎಣಿಸಿದ್ದರೆ ಗೋರ್ ಕೂದಲೆಳೆಯಷ್ಟು ಮುಂದಿರುತ್ತಿದ್ದರು. ಯಾರು ಗೆಲ್ಲಬೇಕಿತ್ತು ಎಂಬ ವಾದ ಎಬ್ಬಿಸಲು ನಾನಿದನ್ನು ಬರೆಯುತ್ತಿಲ್ಲ. ಗೋರ್ ಅವರ ವಕೀಲರೂ ನಿಮ್ಮ ಮತಪತ್ರ ನೋಡಿ ಎಂದು ಮೊದಲು ಕೇಳಲಿಲ್ಲವಲ್ಲ ಎಂಬುದು ನನ್ನ ಸಂಕಟ.

ನಿಮ್ಮ ಪರವಾಗಿ ನನ್ನದೊಂದು ಬೇಡಿಕೆ ಇದೆ. ಫ್ಲಾರಿಡಾದ 2000ದ ಫಲಿತಾಂಶ ಎಲ್ಲೆಲ್ಲಿ ಅಚ್ಚಾಗುತ್ತದೋ ಅಲ್ಲೆಲ್ಲ ಕೌಂಟಿವಾರು ತಿರಸ್ಕೃತ ಮತಗಳಿಗೂ ಒಂದು ಕಾಲಂ ಇರಬೇಕು. ಅಭ್ಯರ್ಥಿಗಳ ಪಕ್ಕದಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕನ್ನಡ ಬರಹಗಾರ