ಕಡುಬಿನ ಹಿಂಬದಿಯ ವ್ಯವಹಾರ

ಹೊರನಾಡ ಕನ್ನಡಿಗರ ಮನೆಗೆ ನಾಯಿ ಬರುವುದು ಮಕ್ಕಳ ಹಟಕ್ಕೆ. ಬಂದ ಮೇಲೆ ಅದರ ಮುಖ ಮಕ್ಕಳ ಪಾಲಿಗೆ, ಮಿಕ್ಕಿದ್ದು ಅಪ್ಪ ಅಮ್ಮನ ಪಾಲಿಗೆ. ನ್ಯೂಜೆರ್ಸಿಯ ನಮ್ಮ ಮನೆಯಲ್ಲೂ ಪಾಲುಪಟ್ಟಿ ಆದದ್ದು ಹೀಗೇ. ಕಾಕರ್ ಸ್ಪ್ಯಾನಿಯಲ್ ಜಾತಿಯ ನಮ್ಮ ಕಡುಬಿನ ಉದ್ದ ಕಿವಿ, ಒದ್ದೆ ಕಣ್ಣು ಎಲ್ಲ ಮಗಳ ಇನ್‌ಸ್ಟಾಗ್ರಾಮಿಗೆ ಹೋದವು. ಬಾಲದ ಕೆಳಗಿನ ಖಾತೆ ನಮ್ಮ ಯಜಮಾನರ ಹೆಸರಿಗೆ ಬಂತು.

ಖಾತೆಯಲ್ಲಿ ತಕರಾರು ಎದ್ದದ್ದು ಅತ್ತೆ ತೀರ್ಥಹಳ್ಳಿಯಿಂದ ಬಂದ ಮೇಲೆ. ಕಡುಬು ಹಿಂಗಾಲು ಮುಂದಕ್ಕೆ ಚಾಚಿ, ಅಂಡನ್ನು ನೆಲಕ್ಕೆ ಊರಿ, ಲಿವಿಂಗ್ ರೂಮಿನ ಈ ಗೋಡೆಯಿಂದ ಆ ಗೋಡೆಗೆ ತೆವಳತೊಡಗಿತು. ಅಡುಗೆಮನೆಯಲ್ಲಿ ಒರೆಸಿದರೆ ಹೋಗುವ ಟೈಲ್ಸ್ ಇದೆ. ಅದಕ್ಕೆ ಬೇಕಾದದ್ದು ಹಾಲುಬಣ್ಣದ ಕಾರ್ಪೆಟ್ಟೇ. ಮಗಳು ವಿಡಿಯೋ ಮಾಡಿಕೊಂಡು ನಕ್ಕಳು. ಅತ್ತೆ ಸೋಫಾದ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು, "ಹುಳ ಆಗಿದೆ ಕಣೇ ಅದಕ್ಕೆ, ಬೇವು ಅರೆದು ಕುಡಿಸು" ಎಂದು ತೀರ್ಪು ಕೊಟ್ಟರು.

ಹುಳವಿದ್ದರೂ ನಾಯಿ ಹೀಗೆ ಮಾಡುವುದುಂಟು. ಆದರೆ ಪಶುವೈದ್ಯರ ಬಳಿ ಕರೆದೊಯ್ದಾಗ ಡಾಕ್ಟರಮ್ಮ ಕೈಗವಸು ತೊಟ್ಟು, ಬೆರಳಿಗೆ ಜೆಲ್ ಹಚ್ಚಿ, ಒಳಗೆ ಮುಟ್ಟಿ ನೋಡಿ, "ಚೀಲ ತುಂಬಿದೆ" ಎಂದರು. ನಾಯಿ ಬೆಕ್ಕುಗಳ ಗುದದ್ವಾರದ ಎರಡು ಪಕ್ಕದಲ್ಲಿ, ಗಡಿಯಾರದ 4 ಮತ್ತು 8 ಗಂಟೆ ಇರುವ ಕಡೆ, ಚರ್ಮದಡಿ ಒಂದೊಂದು ಪುಟ್ಟ ಚೀಲ ಇರುತ್ತದೆಯಂತೆ. ಅದರಲ್ಲಿ ಸದಾ ಒಂದು ರಸ ಊರುತ್ತಿರುತ್ತದೆ. ಮಲ ಗಟ್ಟಿಯಾಗಿದ್ದರೆ ಹೊರಬೀಳುವಾಗ ಚೀಲವನ್ನು ಒತ್ತಿ ರಸವನ್ನೂ ಕರೆದೊಯ್ಯುತ್ತದೆ. ಮೆತ್ತಗಾದರೆ ಒತ್ತಡ ಸಾಲದು. ರಸ ನಿಂತು, ಮಂದವಾಗಿ, ಚೀಲದ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ತೆವಳಾಟ, ನೆಕ್ಕಾಟ, ಬಾಲದ ಬುಡ ಕಚ್ಚಿಕೊಳ್ಳುವುದು.

ಆ ರಸ ಇರುವುದು ಗುರುತಿಗೆ. ಪಾರ್ಕಿನಲ್ಲಿ ಎರಡು ನಾಯಿಗಳು ಎದುರಾದರೆ ಮೊದಲು ಒಂದರ ಹಿಂದೆ ಇನ್ನೊಂದು ಮೂಗು ತೂರಿಸುವುದಿಲ್ಲವೇ? ಕನ್ನಡ ಕೂಟದಲ್ಲಿ ಹೊಸಬರು ಸಿಕ್ಕ ಕೂಡಲೇ "ಯಾವ ಊರಾಯ್ತು? ಯಾರ ಪೈಕಿ?" ಎಂದು ನಾವು ಕೇಳುತ್ತೇವಲ್ಲ, ಅದೇ. ನಮ್ಮ ಹಿತ್ತಲಿಗೆ ರಾತ್ರಿ ಹೊತ್ತು ಬರುವ ಸ್ಕಂಕ್‌ನ ಬಳಿ ಇರುವ ಆಯುಧವೂ ಮೂಲತಃ ಇದೇ ಚೀಲ. ಅದಕ್ಕೆ ಗುರಿಯಿಟ್ಟು ಹೊಡೆಯಲು ಬರುತ್ತದೆ, ಕಡುಬಿಗೆ ಬರುವುದಿಲ್ಲ. ದೇವರು ದೊಡ್ಡವನು.

ಕಡುಬಿನ ಚೀಲ ಕಟ್ಟಿಕೊಂಡದ್ದು ಏಕೆ ಎಂದು ವಿಚಾರಣೆ ನಡೆಯಿತು. ಚರ್ಮದ ಅಲರ್ಜಿ ಇರಬಹುದು, ಆಹಾರ ಒಗ್ಗದೆ ಇರಬಹುದು, ಮೈ ಬಂದಿರಬಹುದು ಎಂದರು ಡಾಕ್ಟರಮ್ಮ. ಏನೇನು ತಿನ್ನಿಸುತ್ತೀರಿ ಎಂದು ಕೇಳಿದಾಗ ಯಜಮಾನರು ನನ್ನ ಮುಖ ನೋಡಿದರು. ನಾಯಿಯನ್ನು ಮುಟ್ಟಿದರೆ ಮಡಿ ಕೆಡುತ್ತದೆನ್ನುವ ಅತ್ತೆ, ಮುಟ್ಟದೆಯೇ ತುಪ್ಪದ ದೋಸೆ, ಬೆಣ್ಣೆ ಬಿಸ್ಕತ್ತು ಎಸೆಯುವುದನ್ನು ರೂಢಿ ಮಾಡಿಕೊಂಡಿದ್ದರು. ಸದ್ಯ, ಪಾಯಸ ಎಸೆಯಲಾಗುವುದಿಲ್ಲ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಈರುಳ್ಳಿ ರಕ್ತವನ್ನು.

ಮದ್ದು ಬರೆದುಕೊಟ್ಟರು: ನಾರು. ಡಬ್ಬಿಯ ಕುಂಬಳಕಾಯಿ ದಿನಕ್ಕೊಂದೆರಡು ಚಮಚ, ಸಕ್ಕರೆ ಮಸಾಲೆ ಬೆರೆಸಿದ ಪೈ ಡಬ್ಬಿ ಅಲ್ಲ. ಇಲ್ಲವೇ ಚಿಟಿಕೆ ಸಿಲಿಯಂ ಹೊಟ್ಟು, ನೀರು ಕೂಡಿಸಿ. ಅತ್ತೆ ಚೀಟಿಯನ್ನು ಮೊಮ್ಮಗಳ ಕೈಯಲ್ಲಿ ಓದಿಸಿ, ಎದ್ದು ಹೋಗಿ, ತಮ್ಮ ಸೂಟ್‌ಕೇಸಿನಿಂದ ಇಸಬ್‌ಗೋಲ್ ಡಬ್ಬ ತಂದು ಮೇಜಿನ ಮೇಲೆ ಕುಟ್ಟಿದರು. "ಇದಕ್ಕೆ ದುಡ್ಡು ಕೊಟ್ಟು ಬಂದಿರಾ?" ಕೊಟ್ಟಿದ್ದೆವು, ಸಾಕಷ್ಟು. ಗುಜರಾತಿನ ಹೊಲದಲ್ಲಿ ಬೆಳೆದ ಒಂದೇ ಹೊಟ್ಟು ಒಂದು ದಾರಿಯಲ್ಲಿ ತೀರ್ಥಹಳ್ಳಿಯ ಮೆಡಿಕಲ್ ಶಾಪಿಗೆ, ಇನ್ನೊಂದು ದಾರಿಯಲ್ಲಿ ಅಮೆರಿಕದ ಫಾರ್ಮಸಿಗೆ ಹೋಗಿ, ಕೊನೆಗೆ ನಮ್ಮ ಊಟದ ಮೇಜಿನ ಮೇಲೆ ಸೇರಿತ್ತು. ಡಬ್ಬಿಯ ಕುಂಬಳ ಮಾತ್ರ ಅತ್ತೆಗೆ ಒಪ್ಪಿಗೆಯಾಗಲಿಲ್ಲ. ತಾವೇ ಬೇಯಿಸಿದರು, ಉಪ್ಪು ಒಗ್ಗರಣೆ ಏನೂ ಇಲ್ಲದೆ. ಅಂದಿನಿಂದ ಬೆಳಗಿನ ಕಾಫಿಯ ಹೊತ್ತಿಗೆ "ಇವತ್ತು ಹೇಗಾಯ್ತು?" ಎಂದು ಅತ್ತೆ ಕೇಳಿದರೆ, ವಿಚಾರಿಸುತ್ತಿರುವುದು ಮಗನದೋ ಕಡುಬಿನದೋ ಎಂದು ತಿಳಿಯುತ್ತಿರಲಿಲ್ಲ. ಇಬ್ಬರದೂ ವರದಿ ಹೋಗುತ್ತಿತ್ತು.

ಅದೇ ಹೊತ್ತಿಗೆ ಟೊರೊಂಟೊದಿಂದ ನಾದಿನಿಯ ಫೋನು. ಅವಳ ಬೆಕ್ಕು ತನ್ನ ಮರಳಿನ ಪೆಟ್ಟಿಗೆ ಬಿಟ್ಟು ಹೊರಗೆ ಮಾಡುತ್ತಿದೆ, ಮನೆಗೆ ಬಂದ ತನ್ನ ಅತ್ತೆಯ ಮೇಲೆ ಅದಕ್ಕೆ ಸಿಟ್ಟು ಎಂದು ಅವಳ ನಂಬಿಕೆ. ಬೆಕ್ಕುಗಳಿಗೆ ಈ ಚೀಲದ ಕಾಯಿಲೆ ಕಡಿಮೆ. ಬಂದರೂ ನಾಯಿಯಂತೆ ಮೆರವಣಿಗೆ ಹೊರಡದೆ ಮೂಲೆ ಹಿಡಿದು ನೆಕ್ಕಿಕೊಳ್ಳುತ್ತವೆ. ಬಾಲದ ಪಕ್ಕ ಕೆಂಪಗೆ ಊದಿದೆಯೇ ನೋಡು ಎಂದರು ನಮ್ಮ ಅತ್ತೆ. ಊದಿತ್ತು. ಕೀವು ತುಂಬಿ ಒಡೆಯುವಂತಿತ್ತು. ಆ ಹಂತಕ್ಕೆ ಕುಂಬಳಕಾಯಿ ನಾಟುವುದಿಲ್ಲ, ಅವತ್ತೇ ಡಾಕ್ಟರ ಬಳಿ ಓಡಬೇಕು. ವಯಸ್ಸಾದ ನಾಯಿಗೆ ಅಲ್ಲಿ ಗಂಟು ಕಂಡರೂ ಅಷ್ಟೇ. ಅದು ಕ್ಯಾನ್ಸರ್ ಆಗಿರಬಹುದು. ಇಷ್ಟಾಗಿ ನಾದಿನಿ ತನ್ನ ಅತ್ತೆಯ ಮೇಲಿನ ಆರೋಪವನ್ನು ಇನ್ನೂ ಹಿಂತೆಗೆದುಕೊಂಡಿಲ್ಲ.

ಚೀಲ ಹಿಂಡಿಸಲು ಪ್ರತಿ ಸಲ ಡಾಕ್ಟರಿಗೆ ದುಡ್ಡು ಕೊಡುವುದು ಯಜಮಾನರಿಗೆ ಸರಿಬರಲಿಲ್ಲ. ಸುಮ್ಮಸುಮ್ಮನೆ ಹಿಂಡಿದರೆ ಚೀಲವೇ ಕೆರಳುತ್ತದೆ, ತುಂಬಿದರೆ ಮಾತ್ರ ಎಂದು ಎಚ್ಚರಿಸಿ, ಹೊರಗಿನಿಂದ ಒತ್ತುವ ಕ್ರಮವನ್ನು ಡಾಕ್ಟರಮ್ಮ ತೋರಿಸಿಕೊಟ್ಟಿದ್ದರು. ಯಜಮಾನರು ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮಲ್ಲಿ ಪಾಟ್‌ಲಕ್ ಇದ್ದ ಸಂಜೆ. ನೆಂಟರೆದುರು ಕಡುಬು ತೆವಳಬಾರದೆಂಬ ಸದುದ್ದೇಶ. ಬಾತ್‌ಟಬ್ಬಿನಲ್ಲಿ ನಾಯಿ, ಕೈಗವಸು ತೊಟ್ಟ ಸಾಫ್ಟ್‌ವೇರ್ ಆರ್ಕಿಟೆಕ್ಟ್, ಬಾಗಿಲಾಚೆ ಕುರ್ಚಿ ಹಾಕಿಕೊಂಡ ಅತ್ತೆ. ಎಷ್ಟೋ ಹಸುಗಳ ಹೆರಿಗೆ ಮಾಡಿಸಿದವರು ಅವರು. "ಒಳಕ್ಕೆ ಒತ್ತಿ ಮೇಲಕ್ಕೆ ತಳ್ಳೋ, ಪಿಜ್ಜಾ ಹಿಟ್ಟಲ್ಲ ಅದು!"

ನಾಯಿ ಹೆದರಿದರೆ ಆ ಚೀಲ ತಾನಾಗಿಯೇ ಖಾಲಿಯಾಗುವುದುಂಟು. ಕಡುಬು ಹೆದರಿತು, ಕೊಸರಿಕೊಂಡು ಮೆಟ್ಟಿಲಿಳಿದು ಅತಿಥಿಗಳ ನಡುವೆ ನುಗ್ಗಿತು.

ಆ ವಾಸನೆ ಏನೆಂದು ಹೇಳಲಿ? ಕೊಳೆತ ಮೀನು. ಮೂರು ತಲೆಮಾರಿನಿಂದ ಮೊಟ್ಟೆ ಕಾಣದ ಮನೆ ನಮ್ಮದು. ಬಿಸಿಬೇಳೆಬಾತಿನ ತಟ್ಟೆ ಹಿಡಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ನಾಲ್ಕು ಊದುಬತ್ತಿ ಹಚ್ಚಿದರು. ಮೀನಿಗೆ ಶ್ರೀಗಂಧ ಸೇರಿ ಇನ್ನೂ ಘನವಾಯಿತು. ಸತ್ಯ ಹೇಳಿಬಿಡೋಣವೆಂದರೆ, ಊಟದ ಹೊತ್ತು, ಹೇಗೆ ಹೇಳುವುದು? ಕಾರವಾರದ ಮಿತ್ರರೊಬ್ಬರು ಮಾತ್ರ ಕಣ್ಣು ಅರಳಿಸಿ, ಇನ್ನೊಮ್ಮೆ ಉಸಿರೆಳೆದು, ಏನೂ ಮಾತಾಡದೆ ಎರಡನೇ ಸಲ ಬಡಿಸಿಕೊಂಡರು.

ಮುಂದಿನ ವಾರ ಅವರು ನಮ್ಮ ಮನೆಯ ಗಂಟೆ ಒತ್ತಿ, ಯಜಮಾನರನ್ನು ಪಕ್ಕಕ್ಕೆ ಕರೆದು, ಊರಿನಿಂದ ತರಿಸಿದ ಒಣ ಮುರುಗಲು ಸಿಪ್ಪೆಯ ಪೊಟ್ಟಣ ಕೈಗಿಟ್ಟರು. "ಅವತ್ತು ಬಂಗಡೆ ಸ್ವಲ್ಪ ಹಳೆಯದಾಗಿತ್ತು, ಬಿಡಿ. ಶುರುವಿನಲ್ಲಿ ಎಲ್ಲರಿಗೂ ಹಾಗೇ ಆಗುತ್ತೆ. ಇದನ್ನು ಹಾಕಿ ಮಾಡಿ. ಅಮ್ಮನಿಗೆ ನಾನು ಹೇಳಲ್ಲ."